ನಮ್ಮನೆಯವರ ಮುಗಿಯದ ಟ್ಯಾಂಕು

ಹಳೆಯದನ್ನು ಹೊಸದು ಮಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಪಾತ್ರೆಗೆ ಕಲಾಯಿ ಹಾಕುವವರು, ಕೌದಿ ಹೊಲಿಯುವವರು, ತಲೆಗೆ ಬಣ್ಣ ಹಚ್ಚಿಕೊಂಡು ಲಗ್ನಕ್ಕೆ ಹೊರಡುವವರು... ಆದರೆ ಹೊಚ್ಚ ಹೊಸ ವಸ್ತುವನ್ನು ತರಿಸಿ, ಅದನ್ನು ಹಳೆಯದು ಮಾಡಲಿಕ್ಕೆ ತಿಂಗಳುಗಟ್ಟಲೆ ಒದ್ದಾಡುವ ಮನುಷ್ಯನನ್ನು ನೋಡಿದ್ದೀರಾ? ಇಲ್ಲವಾದರೆ ಹಾನಗಲ್ಲಿಗೆ ಬನ್ನಿ. ಚಹಾ ಕುಡಿಸಿ ತೋರಿಸುತ್ತೇನೆ. ಬೇಕಾದರೆ ಹೋಗುವಾಗ ಜೊತೆಗೇ ಕರೆದುಕೊಂಡು ಹೋಗಿ, ನನ್ನದೇನೂ ತಕರಾರಿಲ್ಲ!

ಅವರು ಬೇರೆ ಯಾರೂ ಅಲ್ಲ, ನಮ್ಮನೆಯವರು. ಗಂಡನ ಹೆಸರು ಹೇಳಬಾರದು ಎನ್ನುವ ಕಾಲ ಹೋಯಿತು, ಗೊತ್ತು. ಆದರೂ ನಾನು ಹೇಳುವುದಿಲ್ಲ. ಇದನ್ನು ಓದಿ ಇದ್ದಬದ್ದ ಗಿರಾಕಿಗಳೂ ಓಡಿಹೋದರೆ ಹೊಟ್ಟೆಗೇನು ಮಾಡುವುದು? ಇವರದು ಅಕ್ಕಿಆಲೂರು ರಸ್ತೆಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು. ಟ್ರ್ಯಾಕ್ಟರ್, ಟ್ರೇಲರ್, ಟೆಂಪೊ, ಏನೇ ತನ್ನಿ, ಹೊಸದರಂತೆ ಮಾಡಿ ಕಳಿಸುತ್ತಾರೆ. ನಾನು ಮನೆಯಲ್ಲಿ ಹೆಂಗಸರ ಜಂಪರು ಹೊಲಿಯುತ್ತೇನೆ. ಅತ್ತೆಯವರು ಕಟ್ಟೆಯ ಮೇಲೆ ಕುಳಿತು ನಮ್ಮಿಬ್ಬರಿಗೂ ಬುದ್ಧಿ ಹೇಳುತ್ತಾರೆ. ಹೀಗೆ ತಣ್ಣಗೆ ನಡೆದಿದ್ದ ಸಂಸಾರದೊಳಗೆ ಒಂದು ಟ್ಯಾಂಕು ನುಗ್ಗಿಬಿಟ್ಟಿತು. ಯುದ್ಧದ ಟ್ಯಾಂಕು. ಗಾಬರಿಯಾಗಬೇಡಿ, ಅಂಗೈಗಿಂತ ತುಸು ದೊಡ್ಡದು, ಪ್ಲಾಸ್ಟಿಕ್ಕಿನದು.

ಇದರ ಮೂಲ ನಮ್ಮಪ್ಪ. ಅಪ್ಪ ಮಿಲಿಟರಿಯಲ್ಲಿ ಟ್ಯಾಂಕಿನ ಡ್ರೈವರ್ ಆಗಿದ್ದವರು. ಪೆನ್ಶನ್ ಆದ ಮೇಲೆ ಮಾಸೂರಿನಲ್ಲಿ ನಮ್ಮಣ್ಣ, ವೈನಿ, ಮೊಮ್ಮಕ್ಕಳ ಜೊತೆ ಇದ್ದಾರೆ. ಮನೆ ತುಂಬ ಜನ, ಗದ್ದಲ. ಆದರೆ ಅಪ್ಪನ ಬಾಯಿಂದ ಮಾತು ಹೊರಡಬೇಕೆಂದರೆ ಮೊದಲೇ ಅರ್ಜಿ ಹಾಕಬೇಕು! ನಾನು ಅವರ ಮಗಳಾಗಿ ಕೇಳಿದ್ದು ಮುಖ್ಯವಾಗಿ ಎರಡೇ ಮಾತು. ಬಂದಾಗ "ಉಂಡ್ಯಾ?" ಹೊರಟಾಗ "ಹುಷಾರ." ಅವ್ವ ತೀರಿಕೊಂಡ ಮೇಲೆ ಅವೂ ಕಡಿಮೆಯಾದವು.

ಹೋದ ಮಳೆಗಾಲದಲ್ಲಿ ಅಪ್ಪನಿಗೆ ಕಣ್ಣು ಮಂಜಾಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಎಷ್ಟು ದಿನ ಹಿಡಿದಿಟ್ಟರೆ ಅಷ್ಟು ಎಂದರು ಡಾಕ್ಟರು. ಅಪ್ಪ ಬೇರೆ ಯಾರದೋ ಕಣ್ಣಿನ ವಿಷಯ ಕೇಳುವವರಂತೆ ಕುಳಿತಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ನನ್ನ ಕಿವಿಯಲ್ಲಿ ಹೇಳಿದರು, "ಮಾವಾರ್ಗೆ ಕಣ್ಣ ಕಾಣೂದ್ರೊಳಗ ಅವ್ರು ಓಡಿಸಿದಂಥಾದ್ದ ಟ್ಯಾಂಕ್ ಮಾಡಿ ಅವ್ರ ಕೈಯಾಗ ಇಡ್ತೇನಿ ನೋಡ."

ನನಗೆ ಕಣ್ಣಲ್ಲಿ ನೀರು ಬಂತು. ಎಂಥ ಗಂಡ! ಮಾವನ ಮೇಲೆ ಎಂಥ ಪ್ರೀತಿ! ಆ ಕಣ್ಣೀರನ್ನು ಯಾರಾದರೂ ವಾಪಸ್ ಕೊಡುವಂತಿದ್ದರೆ ಆಮೇಲೆ ಎಷ್ಟೋ ಸಲ ಕೇಳಿ ಪಡೆಯುತ್ತಿದ್ದೆ.

ಕೊರಿಯರಿನಲ್ಲಿ ಪೆಟ್ಟಿಗೆ ಬಂತು. ಒಳಗೆ ಬರೀ ತುಂಡುಗಳು. ಗಾಲಿ, ತೋಪು, ಸರಪಳಿಯಂಥ ಪಟ್ಟಿ, ಎಲ್ಲ ಬಿಡಿ ಬಿಡಿ. ಇವರು ಅವನ್ನು ಬೇಗನೇ ಜೋಡಿಸಿದರು, ಹಸಿರು ಬಣ್ಣ ಹೊಡೆದರು. ನಿಜ ಹೇಳಬೇಕೆಂದರೆ ಬಹಳ ಚಂದ ಕಂಡಿತು. ಫಳಫಳ ಹೊಳೆಯುತ್ತಿತ್ತು.

"ಆತಲ್ರಿ! ನಾಳೆ ಐತವಾರ. ಅಪ್ಪಗ ಕೊಟ್ಟ ಬರೂಣು ನಡ್ರಿ" ಎಂದೆ.

"ಎಲ್ಲಿದು? ಇನ್ನೂ ಹಳೇದ ಮಾಡೂದ ಐತಿ."

"ಹಳೇದ?"

"ಮತ್ತ? ದುಡದ ಬಂದ ಟ್ಯಾಂಕ್ ಹಿಂಗ ಮದುಮಗನಂಗ ಮಿರಿಮಿರಿ ಅಂತಿರತೈತೇನ? ತುಕ್ಕ ಬೇಕು, ಮಸಿ ಬೇಕು, ಗೀರ ಬೇಕು, ಮಣ್ಣ ಬೇಕು."

"ಅದಕ್ಕ ಎಷ್ಟ ದಿನ ಬೇಕ್ರಿ?"

"ಏ, ಇನ್ನೊಂದು ಕೈ ಅಷ್ಟ!"

ಬಣ್ಣದವರ ಭಾಷೆಯಲ್ಲಿ ಒಂದು ಕೈ ಎಂದರೆ ಒಂದು ಸಲ ಹೊಡೆಯುವ ಬಣ್ಣ. ಆ ದಿನದಿಂದ ನಮ್ಮ ಮನೆಯಲ್ಲಿ ಸೂರ್ಯ ಹುಟ್ಟುವುದೂ "ಇನ್ನೊಂದು ಕೈ"ಗೆ, ಮುಳುಗುವುದೂ ಅದಕ್ಕೇ.

ಮೊದಲು ಲೂಟಿಯಾದದ್ದು ನನ್ನ ಅಡುಗೆಮನೆ. ತುಕ್ಕು ಹಿಡಿಸಲಿಕ್ಕೆ ಹರಳುಪ್ಪು ಹೋಯಿತು. ಅದರ ವಿಧಾನ ಕೇಳಿ: ಮೊದಲು ತುಕ್ಕಿನ ಬಣ್ಣ ಹೊಡೆಯುವುದು, ಅದರ ಮೇಲೆ ನೀರು ಹಚ್ಚಿ ಉಪ್ಪು ಉದುರಿಸುವುದು, ಮೇಲೆ ಹಸಿರು ಬಣ್ಣ ಹೊಡೆಯುವುದು, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆಯುವುದು. ಉಪ್ಪಿದ್ದ ಕಡೆಯೆಲ್ಲ ಬಣ್ಣ ಹಾರಿ ತುಕ್ಕು ಇಣುಕುತ್ತದೆ. ಹೊಗೆಯ ಕಲೆಗೆ ದೇವರ ಮುಂದಿನ ದೀಪದ ಮಸಿ. ಗೀರು ಎಬ್ಬಿಸಲಿಕ್ಕೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರು. ಎಳೆಯುವ ಹಗ್ಗಕ್ಕೆ ನನ್ನ ಹೊಲಿಗೆ ದಾರವನ್ನೇ ಹುರಿ ಮಾಡಿದರು. ಗಿರಾಕಿಯ ಜಂಪರಿಗೆ ಹುಕ್ಕು ಹಚ್ಚಬೇಕೆಂದು ಕುಳಿತರೆ ಸೂಜಿ ಇಲ್ಲ, ಚಿಮಟಿಗೆ ಇಲ್ಲ, ಕತ್ತರಿ ಇದ್ದರೂ ಅದರ ತುದಿ ಹಸಿರು!

ಇಷ್ಟಾದರೂ ಸಹಿಸಿಕೊಂಡೆ. ಒಂದು ಐತವಾರ "ಮಾವಾರನ್ನ ಒಂದ ಮಾತ ಕೇಳೂಣು" ಎಂದು ಇವರು ಟ್ಯಾಂಕನ್ನು ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿಕೊಂಡು ಮಾಸೂರಿಗೆ ಹೊರಟರು. ಬೈಕಿನಲ್ಲಿ ಹೋದರೆ ಅದಕ್ಕೆ ಕುಲುಕಾಡುತ್ತದಂತೆ, ಬಸ್ಸೇ ಆಗಬೇಕಂತೆ. ಹಿರೇಕೆರೂರಿನ ಬಸ್ಸಿನಲ್ಲಿ ಕಾಲಿಡಲಿಕ್ಕೆ ಜಾಗವಿಲ್ಲ. ಇವರು ಕಿಟಕಿ ಸೀಟಿನ ಮೇಲೆ ಡಬ್ಬಿ ಇಟ್ಟು, ಪಕ್ಕದಲ್ಲಿ ತಾವು ಕುಳಿತರು. ನಾನು? ನಾನು ಕಂಬ ಹಿಡಿದು ನಿಂತೆ!

ಕಂಡಕ್ಟರು ಬಂದ. "ಏನ್ರಿ ಅದು ಸೀಟಿನ ಮ್ಯಾಲೆ? ಎತ್ತರಿ, ಹೆಣ್ಣಮಕ್ಕಳು ನಿಂತಾರ."

"ಟ್ಯಾಂಕ್ ಐತ್ರಿ. ಬಣ್ಣ ಇನ್ನೂ ಹಸಿ ಐತಿ."

ಕಂಡಕ್ಟರು ಡಬ್ಬಿ ನೋಡಿದ, ಇವರನ್ನು ನೋಡಿದ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಅಕ್ಕಾರ, ಇವ್ರು ನಿಮ್ಮ ಪೈಕೀನರಿ?"

"ಏನ ಮಾಡೂದಪಾ, ಹೌದ" ಎಂದೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಎಂದು ಊರೆಲ್ಲ ಹೇಳುತ್ತಾರೆ. ಫ್ರೀ ಇದ್ದರೇನು ಬಂತು, ಕುಂಡಿ ಊರಲಿಕ್ಕೆ ಜಾಗ ಟ್ಯಾಂಕಿಗೆ!

ಮಾಸೂರಿನಲ್ಲಿ ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ಕಣ್ಣಿಗೆ ತೀರ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟೋ ಹೊತ್ತಾದ ಮೇಲೆ ಬಾಯಿ ತೆರೆದರು.

"ಅಳಿಯಾರ, ಡ್ರೈವರ್ ಹತ್ತೂ ಜಾಗಾದಾಗ ಬಣ್ಣ ಉಳಿಯಂಗಿಲ್ರಿ. ನಾ ದಿನಾ ಇಲ್ಲೆ ಕಾಲಿಟ್ಟು ಹತ್ತತಿದ್ನಿ. ಬೂಟ ಬಡದ ಬಡದ ಒಳಗಿನ ಕಬ್ಬಣ ಕನ್ನಡಿ ಆಗಿತ್ತು. ಮತ್ತ ಈ ಕೆಂಪ ಮಣ್ಣ ಅಲ್ಲೆಲ್ಲಿ ಬರಬೇಕ್ರಿ? ನಾವು ಇದ್ದದ್ದು ಪಂಜಾಬದ ಕಡೆ. ಅಲ್ಲಿ ಮಣ್ಣ ಮಳ್ಯಾಗ ಅಂಟ ಆಕ್ಕೇತಿ, ಒಣಗಿದ್ರ ಬೂದಿ ಬಣ್ಣ. ಒಮ್ಮೆ ಏನಾತಂದ್ರ..."

ನಾನು ಚಹಾದ ಕಪ್ಪು ಹಿಡಿದು ಹಾಗೇ ನಿಂತೆ. ನಮ್ಮಪ್ಪನೇ? ಒಂದೇ ಉಸಿರಿಗೆ ಇಷ್ಟು ಮಾತು? ಗದ್ದೆಯ ಕೆಸರಿನಲ್ಲಿ ಟ್ಯಾಂಕು ಹೂತದ್ದು, ಅಲ್ಲಿನ ಮುದುಕಿಯೊಬ್ಬಳು ಬಂದು ಬೆಳೆ ಹಾಳಾಯಿತೆಂದು ಬೈದು, ಆಮೇಲೆ ಅಪ್ಪನಿಗೇ ಮಜ್ಜಿಗೆ ಕುಡಿಸಿದ್ದು, ಎಲ್ಲ ಹೇಳಿದರು. ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಹುಟ್ಟಿದಾಗಿನಿಂದ ಮಗಳು ನಾನು, ಮಜ್ಜಿಗೆಯ ಮುದುಕಿಯ ಕಥೆ ಅಳಿಯನಿಗೆ!

ಅಪ್ಪನ ತಪಾಸಣೆಯಲ್ಲಿ ಟ್ಯಾಂಕು ಫೇಲಾಯಿತು. ವಾಪಸ್ ಹಾನಗಲ್ಲಿಗೆ ಬಂತು. ಈಗ ಬೂದಿ ಬಣ್ಣದ ಮಣ್ಣಿನ ಬೇಟೆ. ಸವಣೂರಿನಲ್ಲಿ ನನ್ನ ನಾದಿನಿಯ ಗಂಡನ ಹೊಲವಿದೆ, ಅಪ್ಪಟ ಕರಿ ಎರೆಭೂಮಿ. ಫೋನು ಮಾಡಿ ಒಂದು ಚೀಲ ಮಣ್ಣು ತರಿಸಿದರು. ಅದನ್ನು ಒಣಗಿಸಿ, ಕುಟ್ಟಿ, ನನ್ನ ಹಿಟ್ಟಿನ ಜರಡಿಯಲ್ಲೇ ಸೋಸಿ, ಬೂದಿ ಬೆರೆಸುವ ಮೊದಲು ಒಂದು ಬಾಟಲಿಗೆ ತುಂಬಿ ಅಡುಗೆಮನೆಯ ಹಲಗೆಯ ಮೇಲಿಟ್ಟರು. ಅಲ್ಲೇ ಯಾಕೆ? ಗ್ಯಾರೇಜಿನಲ್ಲಿ ಧೂಳು ಬೀಳುತ್ತದಂತೆ! ಮಣ್ಣಿಗೆ ಧೂಳು ಬಿದ್ದೀತೆಂದು ಹೆದರುವ ಮನುಷ್ಯನಿಗೆ ನಾನೇನು ಹೇಳಲಿ?

ಮುಂದಿನ ವಾರ ಆ ನಾದಿನಿಯ ಗಂಡನೇ ಸಂತೆಗೆಂದು ಬಂದವನು ಊಟಕ್ಕೆ ಕುಳಿತ. ನಾನು ಹೊಲಿಗೆಯಲ್ಲಿದ್ದೆ, ಅತ್ತೆಯವರು ಬಡಿಸಿದರು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಮೊಸರಿಗೆ ಗುರೆಳ್ಳು ಪುಡಿ. ಅವನು ಕಲಸಿಕೊಂಡು ಒಂದು ತುತ್ತು ತಿಂದ. ಇನ್ನೊಂದು ತುತ್ತು ತಿಂದ. ಆಮೇಲೆ ಬಹಳ ಸಂಕೋಚದಿಂದ ನನ್ನ ಕಡೆ ನೋಡಿ ಹೇಳಿದ, "ಅಕ್ಕಾರ, ಈ ಸಲ ಗುರೆಳ್ಳ ಪುಡಿ ಭಾಳ ಸಣ್ಣ ಕುಟ್ಟೀರಿ. ಉಪ್ಪ ಒಂದೀಟ ಕಮ್ಮಿ ಆಗೇತಿ ನೋಡ್ರಿ."

ಅಷ್ಟರಲ್ಲಿ ಇವರು ಒಳಗೆ ಬಂದವರೇ ಬಾಟಲಿ ನೋಡಿ ಹೌಹಾರಿದರು. "ಅಯ್ಯಯ್ಯ! ಅಷ್ಟೂ ಹಾಕ್ಕೊಂಡ್ರ್ಯಾ? ಮೂರ ಸಲ ಜರಡಿ ಹಿಡದಿದ್ನೆಲ್ರಿ ಅದನ್ನ!"

ಬೀಗರ ಹೊಟ್ಟೆಯ ಚಿಂತೆ ಇಲ್ಲ, ಮಣ್ಣಿನ ಚಿಂತೆ! ಪಾಪ, ಅವನು ತನ್ನ ಹೊಲವನ್ನು ತಾನೇ ಉಂಡು ಹೋದ. ಈಗಲೂ ನಮ್ಮನೆಗೆ ಬಂದರೆ ಬರೀ ಚಹಾ ಕುಡಿಯುತ್ತಾನೆ, ಅದನ್ನೂ ಮೊದಲು ಮೂಸಿ ನೋಡುತ್ತಾನೆ.

ಗ್ಯಾರೇಜಿನ ಗತಿಯೂ ಇಷ್ಟೇ ಆಯಿತು. ಹುಲಗೂರಿನಿಂದ ಒಬ್ಬ ಸಾಹುಕಾರರು ತುಕ್ಕು ಹಿಡಿದ ಟ್ರೇಲರು ತಂದರು. ಇವರು ಅದರ ಸುತ್ತ ಸುತ್ತಿ, ಮೊಣಕಾಲೂರಿ ಕುಳಿತು, ಮೊಬೈಲಿನಲ್ಲಿ ತುಕ್ಕಿನ ಫೋಟೋ ತೆಗೆದರಂತೆ. "ಎಂಥಾ ಛಂದ ತುಕ್ಕ ಹಿಡದೈತ್ರಿ! ಈ ಮೂಲ್ಯಾಗಿಂದ ನೀರ ಇಳದು ಹೆಂಗ ಬಣ್ಣ ತಿರುಗೇತಿ ನೋಡ್ರಿ!" ಸಾಹುಕಾರರು "ತುಕ್ಕ ನೋಡಾಕ ತಂದಿಲ್ಲೋ ಮಾರಾಯ, ಬಣ್ಣ ಹಚ್ಚ" ಎಂದು ಬಿಟ್ಟುಹೋದರು. ಬಣ್ಣ ಹಚ್ಚಿದರು, ಚೆನ್ನಾಗಿಯೇ ಹಚ್ಚಿದರು. ಅಲ್ಲಿಗೆ ಬಿಡಬಾರದೇ? ಕೈ ಸುಮ್ಮನಿರಲಿಲ್ಲ. ಅಂಚುಗಳಿಗೆಲ್ಲ ಒಣ ಬ್ರಶ್ಶಿನಲ್ಲಿ ತುಕ್ಕಿನ ಬಣ್ಣ ಸವರಿ, ಗಾಲಿಯ ಮೇಲೆ ಕೆಸರು ಸಿಡಿದಂತೆ ಮಾಡಿಟ್ಟರು. ಸಾಹುಕಾರರು ಬಂದು ನೋಡಿ, "ಅಲ್ರಿ ಮೇಸ್ತ್ರಿ, ನಾ ತಂದಾಗ ಇದಕ್ಕಿಂತ ಚಲೋ ಇತ್ತಲ್ರಿ!" ಎಂದರು. ಪೂರ್ತಿ ಟ್ರೇಲರಿಗೆ ಮತ್ತೆ ಬಣ್ಣ ಹೊಡೆದು ಕೊಡಬೇಕಾಯಿತು.

ಈ ನಡುವೆ ಐತವಾರ ಬಂದರೆ ಸಾಕು, ಮಿಠಾಯಿ ಡಬ್ಬಿ ಮಾಸೂರಿಗೆ. ಪ್ರತಿ ಸಲ ಅಪ್ಪನದು ಹೊಸ ತಕರಾರು. ಒಮ್ಮೆ ಹೊಗೆ ಕೊಳವೆಯ ಮಸಿ ಸಾಲದು. ಒಮ್ಮೆ ಮುಂದಿನ ಗಾಲಿಗಿಂತ ಹಿಂದಿನ ಗಾಲಿಗೆ ಮಣ್ಣು ಹೆಚ್ಚಿರಬೇಕು. ಸಾರಿಗೆ ಉಪ್ಪು ಹಾಕುವುದು ಮರೆತರೂ ಸುಮ್ಮನೆ ಉಂಡು ಏಳುತ್ತಿದ್ದ ನಮ್ಮಪ್ಪ ಇವರೇನಾ ಎಂದು ನನಗೆ ಆಶ್ಚರ್ಯ. ವೈನಿಯ ಮುಂದೆ ಗೋಳಾಡಿಕೊಂಡರೆ ಅವರು ನಗುತ್ತಾರೆ. "ಐತವಾರ ಬಂತಂದ್ರ ಮಾವಾರು ಮುಂಜಾನೆದ್ದು ದಾಡಿ ಮಾಡ್ಕೊಂಡು, ತೊಳದ ಅಂಗಿ ಹಾಕ್ಕೊಂಡು ಬಾಗಲದಾಗ ಕುಂತಿರ್ತಾರ ನೋಡವಾ. ಬಸ್ಸಿನ ಸಪ್ಪಳಕ್ಕ ಕಿವಿ ಕೊಟ್ಟು!"

ನನ್ನ ಸಂಕಟ ಇವರಿಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪನ ಕಣ್ಣು ದಿನದಿನಕ್ಕೆ ಸೋಲುತ್ತಿದೆ. ಕಣ್ಣಿರುವಾಗ ಮುಗಿಸಿ ಕೊಟ್ಟರಲ್ಲವೇ ಅದಕ್ಕೆ ಅರ್ಥ? "ಅಪ್ಪಾ, ಕಣ್ಣ ಹೆಂಗದಾವು?" ಎಂದು ಕೇಳಿದರೆ "ಕಾಣತೈತಿ, ಕಾಣತೈತಿ" ಎನ್ನುತ್ತಾರೆ, ಅಷ್ಟೇ. ಇವರನ್ನು ಕೇಳಿದರೆ ಇನ್ನೊಂದು ಕೈ!

ಹೀಗಿರುವಾಗ ಮಹಾನವಮಿ ಬಂತು. ಆಯುಧ ಪೂಜೆಯ ದಿನ ಇವರು ಗ್ಯಾರೇಜಿನಲ್ಲಿ ಕಂಪ್ರೆಸರ್ ಪೂಜೆಗೆ ಹೋಗಿದ್ದರು. ನನಗೆ ಹಬ್ಬದ ಜಂಪರುಗಳ ಗಡಿಬಿಡಿ. ಅತ್ತೆಯವರು ಮನೆಯ ಪೂಜೆಗೆ ಹೊಲಿಗೆ ಮಷೀನು, ಕತ್ತರಿ, ಈಳಿಗೆ ಎಲ್ಲ ಒರೆಸಿ ಇಡುತ್ತಿದ್ದವರು ಹಲಗೆಯ ಮೇಲೆ ಟ್ಯಾಂಕು ನೋಡಿದರು.

"ಏನವಾ ಇದು? ಮಾನಮಿ ದಿನ ಗಾಡಿ ಹಿಂಗ ಮಣ್ಣಾಗ ಇಡತಾರೇನ? ನಾಕ ಮಂದಿ ನೋಡಿದ್ರ ಏನಂದಾರು!"

ನಾನು ಮಷೀನಿನಿಂದ ಎದ್ದು ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಬಚ್ಚಲಲ್ಲಿ ಕೂರಿಸಿ, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದಿದ್ದರು. ಪಂಜಾಬದ ಮಣ್ಣು, ಸವಣೂರಿನ ಎರೆ, ದೇವರ ಮಸಿ ಎಲ್ಲ ಮೋರಿ ಸೇರಿತ್ತು. ತೋಪಿನ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವು. ಗಾಲಿಗೆ ನಿಂಬೆಹಣ್ಣು ಇಟ್ಟರೆ ಹಣ್ಣೇ ಟ್ಯಾಂಕಿನ ಅರ್ಧದಷ್ಟಿದೆ! ಅತ್ತೆಯವರು ಬಿಡುವವರೇ? ಟ್ಯಾಂಕನ್ನು ಎರಡೂ ಕೈಯಿಂದ ಒತ್ತಿ ಹಣ್ಣು ಹಿಂಡಿ ಶಾಸ್ತ್ರ ಮುಗಿಸಿದರು.

ಇವರು ಬಂದು ನೋಡಿದರು. ನಾನು ಕಿವಿ ಮುಚ್ಚಿಕೊಂಡೆ. ತಿಂಗಳುಗಟ್ಟಲೆ ಮಾಡಿದ ಕೆಲಸ! ಇವರು ನಕ್ಕುಬಿಟ್ಟರು. "ಆತ ಬಿಡವಾ, ಮತ್ತ ಹಚ್ಚೂಣು."

"ಮತ್ತ ಹಚ್ಚೂದ? ಅಪ್ಪನ ಕಣ್ಣ ನಿಮ್ಮ ಸಲುವಾಗಿ ಕಾಯತಾವೇನ್ರಿ?" ಎಂದು ನಾನೇ ಕಿರುಚಿದೆ. ಇವರು ಮುಂದಿನ ಐತವಾರ ತೊಳೆದ ಟ್ಯಾಂಕನ್ನೇ, ವಿಭೂತಿ ಸಮೇತ ಮಾವನಿಗೆ ತೋರಿಸುತ್ತೇನೆಂದು ಒಬ್ಬರೇ ಹೋಗಿಬಂದರು. ಅಪ್ಪ ಏನಂದರು ಎಂದರೆ "ಇನ್ನೊಂದು ಕೈ ಹೊಡೀಬೇಕಂತ" ಎಂದಷ್ಟೇ ಹೇಳಿದರು. ಅವತ್ತು ಸಂಜೆ ಬ್ರಶ್ಶು ಮುಟ್ಟಲಿಲ್ಲ, ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಅಂತೂ ತೊಳೆದದ್ದಕ್ಕೆ ಬೇಜಾರಾಗಿದೆ ಎಂದುಕೊಂಡೆ.

ಮತ್ತೆ ಉಪ್ಪು, ಮತ್ತೆ ಮಸಿ, ಮತ್ತೆ ಜರಡಿ. ಸಂಕ್ರಾಂತಿ ಹತ್ತಿರ ಬಂದಾಗ ನನ್ನ ತಾಳ್ಮೆ ಮುಗಿಯಿತು. "ನೋಡ್ರಿ, ಈ ಐತವಾರ ಅದು ಮಾಸೂರಾಗ ಉಳೀಬೇಕು. ತಿರುಗಿ ತಂದ್ರ್ಯೋ, ನಾನ ಅಲ್ಲಿ ಉಳೀತೇನಿ. ನೀವು ಟ್ಯಾಂಕಿನ ಕೂಡ ಸಂಸಾರ ಮಾಡ್ರಿ!" ಎಂದೆ. ಇವರು ಏನೋ ಹೇಳಲು ಬಾಯಿ ತೆರೆದವರು ಬ್ರಶ್ಶು ಎತ್ತಿಕೊಂಡು ಕೊನೆಯ ವಾರ್ನಿಷ್ ಹೊಡೆದರು. ಪೊರಕೆಯ ಕಡ್ಡಿಯನ್ನು ಸಣ್ಣಗೆ ಹೆರೆದು, ಬಣ್ಣ ಬಳಿದು, ಹೋದ ಐತವಾರ ಅಪ್ಪ ಹೇಳಿದ್ದ ಆಂಟೆನಾವನ್ನು ತಲೆಯ ಮೇಲೆ ನಿಲ್ಲಿಸಿದರು. ನಾನೇ ಒಪ್ಪಬೇಕು, ಈಗ ಅದು ಯುದ್ಧದಿಂದ ನಡೆದೇ ಬಂದಂತಿತ್ತು.

ಹಿರೇಕೆರೂರು ದಾಟಿದ ಮೇಲೆ ಡ್ರೈವರು ಎಮ್ಮೆ ಅಡ್ಡ ಬಂದಿತೆಂದು ಬ್ರೇಕು ಒತ್ತಿದ. ಡಬ್ಬಿ ತೆರೆದು ನೋಡಿದರೆ ಆಂಟೆನಾ ಮುರಿದು ಬಿದ್ದಿತ್ತು. ಇವರ ಮುಖ ಸಣ್ಣದಾಯಿತು. "ಇರ್ಲಿ ಬಿಡ್ರಿ, ಅಲ್ಲೆ ಗೋಂದ ಹಚ್ಚಿ ನಿಲ್ಲಸೂಣು" ಎಂದು ಕಡ್ಡಿಯನ್ನು ನನ್ನ ಪರ್ಸಿನಲ್ಲಿ ಹಾಕಿಕೊಂಡೆ.

ಆದರೆ ಗೋಂದು ಹುಡುಕಲು ಅಪ್ಪ ಬಿಟ್ಟರೆ ತಾನೇ? ಬಾಗಿಲಲ್ಲೇ ಕಾಯುತ್ತಿದ್ದರು, ದಾಡಿ ಮಾಡಿಕೊಂಡು, ತೊಳೆದ ಅಂಗಿ ಹಾಕಿಕೊಂಡು. "ತಂದ್ರ್ಯಾ ಅಳಿಯಾರ? ಕೊಡ್ರಿ ಇಲ್ಲೆ."

ಟ್ಯಾಂಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹೆಬ್ಬೆರಳು ಮಾತ್ರ ಡ್ರೈವರ್ ಹತ್ತುವ ಜಾಗವನ್ನು ಸವರುತ್ತಿತ್ತು, ಅಲ್ಲೇ, ಮತ್ತೆ ಮತ್ತೆ ಅಲ್ಲೇ. ಕಣ್ಣಿನ ಹತ್ತಿರ ಹಿಡಿದು ತಲೆ ಆಡಿಸಿದರು.

"ಅಪ್ಪಾ, ಮುಗದೈತದು. ಇನ್ನ ತಕರಾರ ಬ್ಯಾಡ. ಇಲ್ಲೆ ಇಟಗೋ" ಎಂದೆ ನಾನು, ಗಟ್ಟಿಯಾಗಿಯೇ.

ಅಪ್ಪನ ಹೆಬ್ಬೆರಳು ನಿಂತಿತು. "ಮುಗೀತ?" ಎಂದರು. ಆಮೇಲೆ ಇವರ ಕಡೆ ಮುಖ ಮಾಡಿದರು. "ಎಲ್ಲಾ ಚಲೋ ಆಗೇತ್ರಿ ಅಳಿಯಾರ. ಆದ್ರ... ಆ ಆಂಟೆನಾ ನೋಡ್ರಿ, ಬಣ್ಣ ಭಾಳ ಕರ್ರಗಾತು. ಬಿಸಲಿಗೆ ಮಾಸಿರಬೇಕು ಅದು. ಇನ್ನೊಂದು ಕೈ ಹೊಡಕೊಂಡ ಬರ್ರಿ, ಮುಂದಿನ ಐತವಾರ."

ಆಂಟೆನಾ ನನ್ನ ಪರ್ಸಿನಲ್ಲಿತ್ತು.

ನಾನು ಇವರ ಮುಖ ನೋಡಿದೆ. ಇವರು ಬೆಚ್ಚಲಿಲ್ಲ. ಚಹಾದ ಕಪ್ಪನ್ನೇ ನೋಡುತ್ತ, "ಖರೇ ಹೇಳಿದ್ರಿ ಮಾವಾರ. ನನಗೂ ಹಂಗ ಅನಿಸಿತ್ತು. ತರ್ತೇನ್ರಿ" ಎಂದರು.

ಅಪ್ಪ ನನ್ನ ಮುಖ ನೋಡಿಯಾರು ಎಂದು ಆ ಕಡೆ ತಿರುಗಿದೆ, ಆಮೇಲೆ ತಿರುಗುವ ಅಗತ್ಯವಿಲ್ಲ ಎಂದು ನೆನಪಾಯಿತು. ಯಾವಾಗಲೂ ಬೈಯುವ ದನಿಯನ್ನೇ ಹೇಗೋ ಎಳೆದು ತಂದೆ.

"ಆಂಟೆನಾ ಒಂದ ಏನಪ್ಪಾ? ಹಿಂದಿನ ಗಾಲಿ ಮಣ್ಣ ನೋಡ! ಒಂದೂ ಸರಿ ಇಲ್ಲ. ಮತ್ತ ಮೊದಲಿಂದ ಹಚ್ಚಬೇಕು."

ಅಪ್ಪ ನಕ್ಕರು. ಹಲ್ಲು ಕಾಣುವಂತೆ ನಕ್ಕರು. "ನೋಡ್ರಿ ಅಳಿಯಾರ! ಟ್ಯಾಂಕ್ ಡ್ರೈವರನ ಮಗಳು. ಆಕಿಗೆ ತಿಳೀತದು. ಬಾರವಾ, ಕುಂದರ ಇಲ್ಲೆ. ಆ ಮಜ್ಜಿಗಿ ಮುದಕಿ ಕಥಿ ನಿನಗ ಹೇಳೇನಿಲ್ಲೋ?"

ಇಲ್ಲ ಎಂದೆ. ಕುಳಿತು ಪೂರ್ತಿ ಕೇಳಿದೆ.

ವಾಪಸ್ ಬರುವಾಗ ಡಬ್ಬಿ ನನ್ನ ತೊಡೆಯ ಮೇಲಿತ್ತು. "ಯಾವಾಗಿಂದ ಗೊತ್ತಿತ್ರಿ?" ಎಂದು ಕೇಳಿದೆ.

"ಮಾನಮಿ ಆದಮ್ಯಾಲೆ. ತೊಳದ ಟ್ಯಾಂಕ್ ಕೈಯಾಗ ಕೊಟ್ನಿ. ಹೊಳ್ಳಿಸಿ ನೋಡಿ, ಮಣ್ಣ ಸ್ವಲ್ಪ ಜಾಸ್ತಿ ಆತ್ರಿ ಅಂದ್ರು."

"ನನಗ ಯಾಕ ಹೇಳ್ಲಿಲ್ಲ?"

"ಅವ್ರು ಮುಚ್ಚಿಟ್ಟಿದ್ದನ್ನ ನಾ ಹೆಂಗ ಹೇಳ್ಲಿ?" ಎಂದು ಕಿಟಕಿಯ ಹೊರಗೆ ನೋಡತೊಡಗಿದರು.

ಮದುವೆಯಾದಾಗಿನಿಂದ ಈ ಮನುಷ್ಯನನ್ನು ಬೈಯುತ್ತ ಬಂದಿದ್ದೇನೆ. ನಾಳೆಯೂ ಬೈಯುತ್ತೇನೆ, ನನ್ನ ಕತ್ತರಿಯ ತುದಿ ಇನ್ನೂ ಹಸಿರೇ ಇದೆ. ಆದರೆ ಆ ಆಂಟೆನಾ ಕಡ್ಡಿ ಮಾತ್ರ ನನ್ನ ಪರ್ಸಿನಲ್ಲೇ ಉಳಿದಿದೆ. ಐತವಾರ ಹತ್ತಿರ ಬಂದಾಗಲೆಲ್ಲ ಇವರು "ಕೊಡ ಇಲ್ಲೆ, ಹಚ್ಚಿ ಮುಗಸ್ತೇನಿ" ಎನ್ನುತ್ತಾರೆ.

"ಎಲ್ಲಿ ಇಟ್ಟೇನೋ ಏನೋ, ಸಿಗವಲ್ದ್ರಿ" ಎನ್ನುತ್ತೇನೆ ನಾನು.